ಹಿಂದುಮುಂದು ಅಂಗಿ ತೊಟ್ಟ ಇಂಜಿನ್ನು

ನಮ್ಮ ಕಾಕಾನಿಗೆ ಮನುಷ್ಯರ ಗುರುತು ಹತ್ತುತ್ತಿರಲಿಲ್ಲ. ಸುಳ್ಳಲ್ಲ! ಹೊಂಬಳಕ್ಕೆ ಕೊಟ್ಟಿದ್ದ ಸ್ವಂತ ಅಕ್ಕ ಗಂಟು ಹೊತ್ತು ಬಂದು ಬಾಗಿಲಲ್ಲಿ ನಿಂತರೆ "ಯಾರು ಬೇಕಾಗಿತ್ರಿ?" ಎಂದು ಕೇಳಿದ ಭೂಪ ಅವನು. ಆದರೆ ಗದಗ ಸ್ಟೇಶನ್ನಿನಲ್ಲಿ ಒಂದು ಇಂಜಿನ್ನು ನಿಟ್ಟುಸಿರು ಬಿಟ್ಟರೆ ಸಾಕು, ಬೆಟಗೇರಿಯ ನಮ್ಮ ಮನೆಯಲ್ಲಿ ಕುಳಿತಲ್ಲಿಂದಲೇ ಅದರ ಜಾತಕ ಹೇಳುತ್ತಿದ್ದ. ಎಲ್ಲಿಂದ ಬಂತು, ಎಲ್ಲಿಗೆ ಹೊರಟಿತು, ಕಲ್ಲಿದ್ದಲು ಹಸಿಯೋ ಒಣವೋ, ಎಲ್ಲ!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಮದುವೆಯಾಗದ ಕಾಕಾ, ಅವ್ವ, ನಾನು, ಒಂದು ಕುಣಿಮಗ್ಗ, ಇಷ್ಟೇ ನಮ್ಮ ಸಂಸಾರ. ಕುಣಿಮಗ್ಗವೆಂದರೆ ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಬಿಟ್ಟು ಕುಳಿತು ನೇಯುವ ಮಗ್ಗ. ರೈಲು ಬಂದರೆ ಮೊದಲು ನಡುಗುವುದು ನೆಲ ತಾನೆ? ಆ ನಡುಕ ಅವನ ಅಂಗಾಲಿಗೆ ತಿಳಿಯುತ್ತಿತ್ತು. ನಮಗೆಲ್ಲ ಸೀಟಿ ಕೇಳುವ ಹೊತ್ತಿಗೆ ಅವನು ಆ ಇಂಜಿನ್ನಿನ ಕ್ಷೇಮಸಮಾಚಾರ ವಿಚಾರಿಸಿ ಮುಗಿಸಿರುತ್ತಿದ್ದ.

ಇಂಜಿನ್ನುಗಳೆಲ್ಲ ಅವನಿಗೆ ಹೆಣ್ಣುಮಕ್ಕಳು. ಹುಬ್ಬಳ್ಳಿ ಕಡೆಯ ಒಂದು 'ಸಿಟ್ಟಿನಾಕಿ'. ಹೆದರಿ ಹೆದರಿ ಸೀಟಿ ಹೊಡೆಯುವುದು 'ಹೊಸ ಸೊಸಿ'. ಏದುಸಿರು ಬಿಡುತ್ತ ಸೊಲ್ಲಾಪುರದಿಂದ ಬರುವುದು 'ದಮ್ಮಿನಾಕಿ'. ಒಮ್ಮೆ ಹೊರಗೆ ಏನೋ ಸಪ್ಪಳವಾಗಿ, ಅಡುಗೆಮನೆಯಿಂದ ಅವ್ವ "ಯಾರು ಬಂದ್ರು?" ಎಂದು ಕೂಗಿದಳು. ಕಾಕಾ ಮಗ್ಗದಿಂದ ತಲೆ ಎತ್ತದೆ "ದಮ್ಮಿನಾಕಿ ಬಂದ್ಲು" ಎಂದ. ಬಾಗಿಲಲ್ಲಿ ನಿಂತಿದ್ದವರು ಉಬ್ಬಸದ ರೋಗದ ನೆರೆಮನೆಯ ಅಜ್ಜಿ! ಅವರು ಆರು ತಿಂಗಳು ನಮ್ಮ ಹೊಸ್ತಿಲು ತುಳಿಯಲಿಲ್ಲ.

ಮಗ್ಗದ ಸವೆದ ಲಾಳಿಗಳನ್ನು ಅವನು ಎಸೆಯುತ್ತಿರಲಿಲ್ಲ. ಕೆತ್ತಿ ಕೆತ್ತಿ ಇಂಜಿನ್ನು ಮಾಡಿ, ತಗಡಿನ ಗಾಲಿ ಹಚ್ಚಿ, ಗೋಡೆಯ ಗೂಡಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದ. ಕಣ್ಣು ಮುಚ್ಚಿಸಿ ಕೈಯಲ್ಲಿಟ್ಟರೂ ಇದು ಇಂಥದ್ದು ಎಂದು ಚಿಮಣಿ ಸವರಿ ಹೇಳುತ್ತಿದ್ದ. ಹೊಸ ಇಂಜಿನ್ನು ಬಂದ ದಿನವಂತೂ ಸೀರೆಯ ಗತಿ ಕೇಳಬೇಡಿ. ಕಿವಿ ಅತ್ತ, ಕೈ ಇತ್ತ, ದಡಿಯಲ್ಲಿ ಅಡ್ಡಕ್ಕೊಂದು ಗೆರೆ ಬಿದ್ದುಬಿಡುತ್ತಿತ್ತು. ಅಂಥ ಒಂದು ಸೀರೆಯನ್ನು ಅವ್ವ ಮುಖ ಸಣ್ಣದು ಮಾಡಿಕೊಂಡು ಅಡರಕಟ್ಟಿಯ ಒಬ್ಬ ಗೌಡಸಾನಿಗೆ ಕೊಟ್ಟಳು. ಮುಂದಿನ ವರ್ಷ ಆಕೆ ಮಗಳನ್ನೂ ಕರೆದುಕೊಂಡು ಬಂದು, ಅಂಥದೇ ಗೆರೆಯ ಇನ್ನೆರಡು ಬೇಕು ಎಂದು ಕುಳಿತಳು. ಕಾಕಾ ಗಂಭೀರವಾಗಿ ಹೇಳಿದ: "ಹೊಸಾ ಇಂಜಿನ್ ಬರೂತನಾ ತಡೀರಿ."

ಸ್ವಾತಂತ್ರ್ಯ ಬಂದ ದಿನ ಊರಿಗೆ ಊರೇ ಝೆಂಡಾ ನೋಡಲು ಹೋದರೆ ಇವನು ಸ್ಟೇಶನ್ನಿಗೆ ಹೋಗಿ ಮಧ್ಯಾಹ್ನದವರೆಗೆ ಕುಳಿತು ಬಂದ. ಏನು ನೋಡಿದೆ ಎಂದು ಕೇಳಿದರೆ, ಸಾಹೇಬರು ಹೋದ ಮೇಲೆ ಇಂಜಿನ್ನು ಸೀಟಿ ಬದಲಿಸುತ್ತದೋ ಹೇಗೆ ಎಂದು ಕೇಳಲು ಹೋಗಿದ್ದನಂತೆ. "ಇಲ್ಲ, ಇನ್ನೂ ಇಂಗ್ಲೀಷಿನ್ಯಾಗ ಒದರತೈತಿ" ಎಂದು ಬೇಸರಪಟ್ಟುಕೊಂಡ!

ಇಷ್ಟಾಗಿ ಅವನಲ್ಲಿ ಒಂದು ಕೊರತೆ ಇತ್ತು. 'ತಿಳಿಯಲಿಲ್ಲ' ಎಂಬ ಮಾತು ಅವನ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ. ಒಮ್ಮೆ ನಮ್ಮ ಸೋದರಮಾವ ಹುಬ್ಬಳ್ಳಿಗೆ ಹೊರಟಾಗ, ಸಪ್ಪಳ ಕೇಳಿ "ಇದು ಸಿಟ್ಟಿನಾಕಿ, ಹತ್ತು" ಎಂದು ಹತ್ತಿಸಿ ಕಳಿಸಿದ. ಮಾವ ಕಣ್ಣು ಬಿಟ್ಟದ್ದು ಬಿಜಾಪುರದಲ್ಲಿ. ಮರುದಿನ ಬಂದು ರೇಗಾಡಿದರೆ ಕಾಕಾ ಶಾಂತನಾಗಿ, ಇಂಜಿನ್ನು ಸಿಟ್ಟಿನಾಕಿಯೇ ಹೌದು, ಅದು ತನ್ನ ದಾರಿ ಬಿಟ್ಟು ಸೊಲ್ಲಾಪುರದ ಕಡೆಗೆ ಹೋದರೆ ತಪ್ಪು ಇಂಜಿನ್ನಿನದು ಎಂದ. ಇಂಥವನ ಕೈಯಲ್ಲಿ ನನ್ನ ಮದುವೆ ಸಿಕ್ಕಿಬಿತ್ತು ನೋಡಿ!

ಕರ್ನಾಟಕ ಒಂದಾದ ವರ್ಷ ಅದು. ಮುಂಬೈ ರಾಜ್ಯದಲ್ಲಿ ಮಲಗಿದವರು ಎದ್ದಾಗ ಮೈಸೂರು ರಾಜ್ಯದಲ್ಲಿದ್ದೆವು. ಗದಗಿನ ಮೆರವಣಿಗೆಗೆ ಸುತ್ತಲಿನ ಊರುಗಳಿಂದ ಶಾಲೆಯ ಮಕ್ಕಳು ಬಂದಿದ್ದರು. ಮುಂಡರಗಿಯ ಮಕ್ಕಳ ಜೊತೆ ಒಬ್ಬ ಎಳೆಯ ಮಾಸ್ತರ. ಚಪ್ಪಲಿ ಕಳೆದುಕೊಂಡು ಅಳುತ್ತಿದ್ದ ಒಂದು ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು, ಆಕೆಯ ಕೈಯಲ್ಲಿ ಧ್ವಜ ಕೊಟ್ಟು, ಮೆರವಣಿಗೆ ಮುಗಿಯುವವರೆಗೆ ಇಳಿಸದೆ ನಡೆದ. ನಾನು ಕಟ್ಟೆಯ ಮೇಲೆ ನಿಂತು ರಾಜ್ಯ ನೋಡುವುದು ಬಿಟ್ಟು ಅವನನ್ನೇ ನೋಡಿದೆ. ನಾಚಿಕೆ ಯಾಕೆ, ಈ ವಯಸ್ಸಿನಲ್ಲಿ ಹೇಳಿಬಿಡುತ್ತೇನೆ: ಅಂದೇ ಮನಸ್ಸು ಕೊಟ್ಟಿದ್ದೆ.

ನಾಲ್ಕಾರು ತಿಂಗಳಿಗೆ ಅದೇ ಮಾಸ್ತರನ ಸಂಬಂಧ ನಮ್ಮ ಮನೆಗೇ ಬಂತು. ನಮ್ಮ ಪೈಕಿಯವರೇ, ಗದಗಿನಲ್ಲೇ ಮನೆ. ನನಗೆ ದೇವರು ಇದ್ದಾನೆ ಎನಿಸಿತು. ಕಾಕಾ ಮಾತ್ರ ಕೂಡಲೇ ತಲೆ ಅಲ್ಲಾಡಿಸಿದ. ಮುಂಡರಗಿಗೆ ರೈಲು ಇಲ್ಲವಲ್ಲ! ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಇವು ಮೂರೂ ಅವನ ಲೆಕ್ಕದಲ್ಲಿ ಕಿವುಡ ಊರುಗಳು. ತನ್ನದೇ ಮದುವೆಯ ಮಾತಿಗೆ ಲಕ್ಷ್ಮೇಶ್ವರಕ್ಕೆ ಕನ್ಯೆ ನೋಡಲು ಹೋದಾಗ, ಹುಡುಗಿಯ ಹೆಸರು ಕೇಳದೆ, ಊರಿಗೆ ರೈಲು ಯಾವಾಗ ಬರುತ್ತದೆ ಎಂದು ಕೇಳಿ ಎದ್ದು ಬಂದವನಲ್ಲವೇ!

"ಹುಡುಗನ ಅಪ್ಪ ರೈಲಿನ ಡ್ರೈವರ್ ಇದ್ದಾರ" ಎಂದಳು ಅವ್ವ.

ಕಾಕಾ ಕುಣಿಯಿಂದ ಎದ್ದು ನಿಂತ. "ಇದನ್ನ ಮೊದಲ ಹೇಳಬಾರದೇನು ವೈನಿ?"

ಅವ್ವನಿಗೆ ಸಮಾಧಾನವಾಗುವ ಬದಲು ಹೊಸ ಚಿಂತೆ ಹತ್ತಿತು. ಇಂಜಿನ್ನು ನಡೆಸುವ ಬೀಗರ ಮುಂದೆ ಇವನನ್ನು ಕೂರಿಸುವುದೆಂದರೆ ಬೆಕ್ಕಿನ ಮುಂದೆ ಹಾಲಿಟ್ಟು ಕಾಯ್ದಂತೆ. ಮನೆ ನೋಡಲು ಹೊರಡುವ ಮುಂಚೆ, ನನ್ನ ತಲೆಯ ಮೇಲೆ ಅವನ ಕೈ ಇಡಿಸಿ, ಇಂಜಿನ್ನಿನ ಮಾತು ಎತ್ತುವುದಿಲ್ಲ ಎಂದು ಆಣೆ ಮಾಡಿಸಿದಳು. ಅದೂ ಸಾಲದೆಂದು ಆ ಮನೆಯ ಹೊಸ್ತಿಲಲ್ಲೇ ಐದು ಎಲೆ, ಮುಷ್ಟಿ ಅಡಿಕೆ ಕೂಡಿಸಿ ಅವನ ಬಾಯಿಗೆ ತುರುಕಿದಳಂತೆ. ನಾನು ಅಲ್ಲಿರಲಿಲ್ಲ. ಆದರೆ ಅವ್ವ ಎಷ್ಟು ಸಲ ಹೇಳಿ ಅತ್ತಿದ್ದಾಳೆಂದರೆ, ನಾನೇ ನೋಡಿದಷ್ಟು ಸ್ಪಷ್ಟವಾಗಿದೆ.

ಡ್ರೈವರ್ ಯಜಮಾನರದು ದೊಡ್ಡ ಮೀಸೆ, ಸಣ್ಣ ಮಾತು. ಅವರ ಪಡಸಾಲೆಯಲ್ಲಿ ಗಾಜಿನ ಕಪಾಟು. ಕಪಾಟಿನಲ್ಲಿ ಏನಿತ್ತು ಎಂದು ನಾನು ಹೇಳಬೇಕೇ? ಗೇಣುದ್ದದ ಐದು ಆಟಿಗೆಯ ಇಂಜಿನ್ನು! ದೇಶ ಬಿಟ್ಟು ಹೋಗುವಾಗ ಅವರ ಇಂಗ್ಲಿಷ್ ಸಾಹೇಬ ಕೊಟ್ಟುಹೋದದ್ದು. ಕಾಕಾನನ್ನು ಕೂರಿಸಿದ್ದು ಅದರ ಎದುರಿಗೇ. ಅವನ ಹಣೆಯ ಮೇಲೆ ಬೆವರೊಡೆಯಿತು. ಆಣೆಗೆ ತಪ್ಪದೆ ಅವನು ಎಲೆ ಅಗಿಯುತ್ತಲೇ ಇದ್ದ. ಮಾತು ಎತ್ತಿದವರು ಯಜಮಾನರೇ. ಮನೆಗೆ ಬಂದವರನ್ನೆಲ್ಲ ಕಪಾಟಿನ ಪರೀಕ್ಷೆಗೆ ಕೂರಿಸುವುದು ಅವರ ಚಟವಂತೆ.

ಉಡದಾರಕ್ಕೆ ಕಟ್ಟಿದ್ದ ಕೀಲಿಯಿಂದ ಬಾಗಿಲು ತೆಗೆಯುತ್ತ ಅವರು, ಈ ಕಪಾಟನ್ನು ತಮ್ಮ ಮಗನೂ ಈವರೆಗೆ ಮುಟ್ಟಿಲ್ಲ, ಮುಟ್ಟಬೇಡ ಎಂದ ಮೇಲೆ ಮುಟ್ಟದ ಹುಡುಗ, ತಮ್ಮ ಮನೆಯಲ್ಲಿ ಸುಳ್ಳು ಎಂಬುದೇ ಇಲ್ಲ ಎಂದರು. ಬಾಗಿಲಲ್ಲಿ ನಿಂತಿದ್ದ ಮಾಸ್ತರ ನೆಲ ನೋಡಿದ. ಎಂಥ ವಿನಯವಂತ ಎಂದು ಅವ್ವ ಮನಸ್ಸಿನಲ್ಲೇ ದೃಷ್ಟಿ ತೆಗೆದಳು.

ಚಿಮಣಿ ಇದ್ದ ನಾಲ್ಕನ್ನು ಕಾಕಾ ಎಲೆ ಅಗಿಯುತ್ತಲೇ ಗುರುತಿಸಿದ. ಒಂದು ಸಾಮಾನಿನ ಗಾಡಿಯದು, ಒಂದು ಟಪಾಲಿನದು, ಒಂದು ಘಾಟ ಹತ್ತುವಂಥದು, ಒಂದು ಡಬ್ಬಿ, ಅಂದರೆ ಬೋಗಿ, ಅತ್ತಿತ್ತ ಸರಿಸುವಂಥದು. ಯಜಮಾನರ ಮೀಸೆಯ ಕೆಳಗೆ ಒಂದು ನಗು ಕಂಡಿತು. ಅವ್ವ ಉಸಿರು ಬಿಟ್ಟಳು. ಆಗ ಐದನೆಯದು ಕೈಗೆ ಬಂತು. ಅದಕ್ಕೆ ಚಿಮಣಿ ಇಲ್ಲ, ಕಲ್ಲಿದ್ದಲ ತೊಟ್ಟಿ ಇಲ್ಲ, ನೀರಿನ ಜಾಗವಿಲ್ಲ. ಉದ್ದಕ್ಕೆ ಹಸಿರು ಬಣ್ಣದ ತಗಡು. ಕಾಕಾ ಅದನ್ನು ತಿರುವಿ ಮುರುವಿ ನೋಡಿ, ಬಾಯಿಯ ಎಲೆಯನ್ನು ರಸ ಸಮೇತ ನುಂಗಿಬಿಟ್ಟ.

"ಇದು ಇಂಜಿನ್ ಅಲ್ರಿ. ಡಬ್ಬಿ ಐತಿ."

"ಸಾಹೇಬ ಇದನ್ನ ಇಂಜಿನ್ ಅಂತನ ಕೊಟ್ಟಾನ."

"ಸಾಹೇಬ ಅಂದ್ರ ಆತೇನ್ರಿ? ಚಿಮಣಿ ಎಲ್ಲೈತಿ?"

ಯಜಮಾನರ ನಗು ಮೀಸೆಯೊಳಗೆ ಮಾಯವಾಯಿತಂತೆ. ಆಮೇಲೆ ಆ ಇಂಜಿನ್ನನ್ನು ಒಂದು ಪಂಜೆಯಲ್ಲಿ ಸುತ್ತಿ ಕಾಕಾನ ತೊಡೆಯ ಮೇಲಿಟ್ಟರು. "ಒಯ್ರಿ ಇದನ್ನ. ಬರೋ ಗುರುವಾರ ನಿಮ್ಮ ಹುಡುಗಿನ್ನ ನೋಡಾಕ ಬರತೇವಿ. ಆಗ ಇದು ಏನು ಅಂತ ತೋರಿಸಿ ಕೊಡ್ರಿ. ಇಲ್ಲಾ, ತಿಳೀಲಿಲ್ಲ ಅಂತ ಒಪ್ಪಿಕೋರಿ. ತಿಳೀದ್ದನ್ನ ತಿಳೀಲಿಲ್ಲ ಅನ್ನಾಕ ಬರದ ಮನಿಯಿಂದ ನಾ ಹುಡುಗಿ ತರೂದಿಲ್ಲ."

ಹೀಗೆ ನನ್ನ ಮದುವೆ ಒಂದು ಗೇಣು ತಗಡಿನ ಮೇಲೆ ಬಂದು ನಿಂತಿತು. ಗುರುವಾರಕ್ಕೆ ಎಂಟು ದಿನ. ಅವ್ವನ ಉಪಾಯ ಸರಳವಾಗಿತ್ತು: ತಿಳಿಯಲಿಲ್ಲ ಎಂದುಬಿಡು, ಒಂದೇ ಮಾತು, ಹುಡುಗಿಯ ಬಾಳು ದಡ ಸೇರುತ್ತದೆ. ಕೈ ಮುಗಿದಳು, ಊಟ ಬಿಟ್ಟಳು, ಗೂಡಿನ ಇಂಜಿನ್ನುಗಳನ್ನು ಒಲೆಗೆ ಹಾಕುತ್ತೇನೆ ಎಂದಳು. ಕಾಕಾ ಕೇಳಬೇಕಲ್ಲ! ಮಗ್ಗ ನಿಲ್ಲಿಸಿ, ಇಂಜಿನ್ನನ್ನು ಮುಂದಿಟ್ಟುಕೊಂಡು, ಅದಕ್ಕೆ ಕಿವಿ ಹಚ್ಚಿ ಕುಳಿತ. ಸಪ್ಪಳದಿಂದ ಗುರುತು ಹಿಡಿಯುವವನ ಮನೆಗೆ ಮೂಕ ಇಂಜಿನ್ನು ಬಂದಿತ್ತು. ನಾನು ಹೊರಗೆ ಬಟ್ಟೆ ಒಣಹಾಕುವಾಗ ಒಳಗೆ ಏನಾಯಿತೋ ಎಂದು ಪುನಃ ಪುನಃ ಇಣುಕುತ್ತಿದ್ದೆ.

ಎರಡನೆಯ ದಿನ ಸ್ಟೇಶನ್ನಿನಲ್ಲಿ ಯಾರೋ ಹೇಳಿದರಂತೆ, ಕಲ್ಲಿದ್ದಲು ಬೇಡದ, ನೀರು ಬೇಡದ ಒಂದು ಜಾತಿಯ ಇಂಜಿನ್ನು ಬಂದಿದೆ, ಡೀಸೆಲ್ ಎನ್ನುತ್ತಾರೆ, ಅದು ಎಣ್ಣೆಯ ಇಂಜಿನ್ನು ಎಂದು. ಸರಿ, ಎಣ್ಣೆ ಎಂದರೆ ಗದಗಿನವನಿಗೆ ಯಾವ ಎಣ್ಣೆ ನೆನಪಾಗಬೇಕು? ಕಾಕಾ ಅಡುಗೆಮನೆಗೆ ಹೋಗಿ ಅವ್ವನ ಭರಣಿಯಿಂದ ಶೇಂಗಾ ಎಣ್ಣೆ ತಂದು, ಸಿಕ್ಕ ಸಂದಿಯಲ್ಲೆಲ್ಲ ಸುರಿದು, ಏನಾಗುತ್ತದೆ ಎಂದು ಕಾದ. ಬೆಳಗ್ಗೆ ನೋಡಿದರೆ ಇಂಜಿನ್ನಿನ ತುಂಬ ಇರುವೆ! ಕಿಟಕಿಯಲ್ಲಿ, ಗಾಲಿಯ ಮೇಲೆ, ಮಾಡಿನ ಮೇಲೆ.

"ನಾ ಹೇಳಿದ್ನಿಲ್ಲೋ," ಎಂದ ಕಾಕಾ. "ಡಬ್ಬಿ ಐತಿ ಇದು. ನೋಡು, ಮಂದಿ ಹತ್ಯಾರ."

ಅವ್ವ ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಒಗೆದಳು. ಎಣ್ಣೆಗಾಗಿ ಅಲ್ಲ. ಇರುವೆ ಕಡಿದು ಬಣ್ಣ ಎದ್ದರೆ ಯಜಮಾನರಿಗೆ ಏನು ಮುಖ ತೋರಿಸುವುದು? ನಾನು ಬಟ್ಟೆಯ ತುದಿಯಿಂದ ಒಂದೊಂದೇ ಇರುವೆ ಬಿಡಿಸಿ, ಎಣ್ಣೆ ಒರೆಸಿದೆ. ಬಣ್ಣ ಹೋಗಿರಲಿಲ್ಲ. ಒರೆಸುತ್ತ ಒರೆಸುತ್ತ ನಾನೇ ಅದಕ್ಕೆ ಮನಸ್ಸಿನಲ್ಲಿ ಹರಕೆ ಹೊತ್ತೆ.

ನಾಲ್ಕನೆಯ ದಿನ ಕಾಕಾ ಅಸುಂಡಿಗೆ ನಡೆದ. ಅಲ್ಲಿನ ಹಿಟ್ಟಿನ ಗಿರಣಿ ಎಣ್ಣೆ ಇಂಜಿನ್ನಿನ ಮೇಲೆ ಓಡುತ್ತದೆಂದು ಯಾರೋ ಹೇಳಿದ್ದರು. ಬೆಳಗ್ಗೆ ಹೋದವನು ಸಂಜೆ ಬಂದಾಗ ತಲೆಯಿಂದ ಕಾಲವರೆಗೆ ಜೋಳದ ಹಿಟ್ಟು. ಹುಬ್ಬು ಸಹ ಬೆಳ್ಳಗೆ! ಗಿರಣಿಯವನು ಎಲ್ಲ ಬಿಚ್ಚಿ ತೋರಿಸಿದ್ದನಂತೆ. ಎಣ್ಣೆ ಹೊಟ್ಟೆಯೊಳಗೇ ಉರಿಯುತ್ತದೆ, ಹೊರಗೆ ಬೆಂಕಿ ಬೇಡ, ಹೊಗೆ ಹೋಗಲು ಒಂದು ಸಣ್ಣ ಕೊಳವೆ ಇದ್ದರೆ ಸಾಕು.

"ವೈನಿ, ಇದು ಇಂಜಿನ್ನ ಐತಿ" ಎಂದ.

ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಇಷ್ಟು ಹೇಳಿದರೆ ಮುಗಿಯಿತಲ್ಲ! ಆದರೆ ದೀಪದ ಬತ್ತಿ ಹೊತ್ತಿಕೊಳ್ಳುವಷ್ಟರಲ್ಲಿ ಕಾಕಾ ಇನ್ನೊಂದು ಮಾತು ತೆಗೆದ. ಇಂಜಿನ್ನು ಅನ್ನುವುದು ತಿಳಿಯಿತು, ಇದರ ಮುಖ ಯಾವುದು? ಚಿಮಣಿ ಇದ್ದದ್ದಕ್ಕೆ ಚಿಮಣಿಯ ಕಡೆ ಮುಖ. ಇದಕ್ಕೆ? ಬಟ್ಟೆಗಾದರೂ ಮೇಲ್ಮೈ ಒಳಮೈ ಇರುತ್ತದೆ, ಮುಖ ಗೊತ್ತಿಲ್ಲದ್ದನ್ನು ಗುರುತಿಸಿದೆ ಎನ್ನುವುದು ಹೇಗೆ? ಅರ್ಧ ತಿಳಿದದ್ದನ್ನು ತಿಳಿದೆ ಎಂದು ಹೇಳುವವನಲ್ಲ ತಾನು ಎಂದು ಮುಖ ತೊಳೆಯಲು ಹೋದ. ಅವ್ವ ಹಣೆ ಹಣೆ ಬಡಿದುಕೊಂಡಳು.

ಮುಖ ಹುಡುಕಲು ಅವನು ಹೋದದ್ದೆಲ್ಲಿಗೆ ಗೊತ್ತೇ? ಲಕ್ಷ್ಮೇಶ್ವರಕ್ಕೆ! ಕನ್ಯೆ ಬಿಟ್ಟು ಎದ್ದು ಬಂದ ಅದೇ ಊರಿಗೆ! ಮಹಾಯುದ್ಧದಲ್ಲಿ ಇರಾಣದವರೆಗೆ ಹೋಗಿ ಬಂದ ಒಬ್ಬ ಸಿಪಾಯಿ ಅಲ್ಲಿದ್ದಾನೆ, ಅವನು ಪರದೇಶದ ರೈಲುಗಳನ್ನು ನೋಡಿದ್ದಾನೆ ಎಂದು ಸುದ್ದಿ ಸಿಕ್ಕಿತ್ತು. ಶಿರಹಟ್ಟಿಯ ಮೇಲೆ ಹೋಗುವ ಮೋಟಾರಿನಲ್ಲಿ, ಪಂಜೆಯಲ್ಲಿ ಸುತ್ತಿದ್ದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಗಂಟಿನಲ್ಲಿ ಕೋಳಿ ಇದೆಯೋ ಏನೋ ಎಂದು ಕಂಡಕ್ಟರ್ ಅದಕ್ಕೂ ಟಿಕೀಟು ತೆಗೆಸಲು ನೋಡಿದನಂತೆ. ಕಾಕಾ ಪಂಜೆ ಬಿಚ್ಚಿ, "ಇಂಜಿನ್ನಿಗೆ ಟಿಕೀಟ್ ಕೇಳಿದ ಮೊದಲನೇ ಮನಷ್ಯಾ ನೀನ ನೋಡು" ಎಂದು ಅವನ ಬಾಯಿ ಮುಚ್ಚಿಸಿದ.

ಸಿಪಾಯಿ ಇಂಜಿನ್ನನ್ನು ನೋಡಿದೊಡನೆ ಗುರುತಿಸಿದನಂತೆ. ಇರಾಣದ ಮರಳುಗಾಡಿನಲ್ಲಿ ನೀರಿಲ್ಲ, ಅದಕ್ಕೆ ಅಮೇರಿಕದವರು ನೀರು ಕುಡಿಯದ ಇಂಥ ಇಂಜಿನ್ನು ತಂದಿದ್ದರು. ಡ್ರೈವರ್ ಕೂರುವಲ್ಲಿ ಕಿಟಕಿ, ಅದರ ಮುಂದೆ ದೀಪ, ಅದೇ ಮುಖ. ಆದರೆ ಕಿಟಕಿಯೊಳಗೆ ಇಣುಕಿ ಅವನೂ ಹುಬ್ಬು ಗಂಟಿಕ್ಕಿದ. ಒಳಗೆ ಹೆಬ್ಬೆರಳ ಗಾತ್ರದ ಒಬ್ಬ ತಗಡಿನ ಡ್ರೈವರ್ ಇದ್ದಾನೆ. ಅವನು ಕಿಟಕಿಯ ಹಿಂದೆ ಕೂತಿಲ್ಲ! ಆ ಕಡೆಯ ಕುರುಡು ತುದಿಯಲ್ಲಿ, ಗೋಡೆಗೆ ಮುಖ ಮಾಡಿ ಕೂತಿದ್ದಾನೆ.

ಬುಧವಾರ ಮಧ್ಯಾಹ್ನ ಕಾಕಾ ಬಂದವನೇ ನನ್ನನ್ನು ಕರೆದ. ಅವ್ವ ನಾಳೆಯ ಫಲಾರಕ್ಕೆ ಅವಲಕ್ಕಿ ತರಲು ಪೇಟೆಗೆ ಹೋಗಿದ್ದಳು. ಅವನ ಕಣ್ಣುಗಳು ಹೊಳೆಯುತ್ತಿದ್ದವು. "ತಿಳೀತು ನೋಡವಾ. ಇದರ ಅಂಗಿ ಹಿಂದುಮುಂದ ಆಗೇತಿ. ಯಾರೋ ಬಿಚ್ಯಾರ, ತಿರುಗಿ ಹಾಕೂವಾಗ ಉಲ್ಟಾ ಹಾಕ್ಯಾರ."

ಅಂಗಿ ಎಂದರೆ ಮೇಲಿನ ಹಸಿರು ತಗಡು. ಕೆಳಗೆ ನಾಲ್ಕು ಕಡೆ ಮಡಚಿದ್ದ ತಗಡಿನ ನಾಲಿಗೆಗಳನ್ನು, ನೂಲಿನ ಗಂಟು ಬಿಡಿಸುವ ಚಿಮಟದಿಂದ ಒಂದೊಂದಾಗಿ ಎತ್ತಿದ. ಅಂಗಿ ಕಳಚಿ ಬಂತು. ಒಳಗೆ ಒಂದು ಮಡಚಿದ ಕಾಗದ ಇತ್ತು. ಉಲ್ಟಾ ಹಾಕಿದ ಅಂಗಿ ಸಡಿಲಾಗಿ ಅಲುಗಬಾರದೆಂದು ಯಾರೋ ಸಂದಿಗೆ ಒತ್ತಿಟ್ಟಿದ್ದರು. ಶಾಲೆಯ ವಹಿಯ ಹಾಳೆ. ಕಾಕಾ ಅದನ್ನು ಬಿಡಿಸಿ ಓದಿ, ನನ್ನ ಕೈಗೆ ಕೊಟ್ಟ.

ಒಂದು ಗಾಡಿ ತಾಸಿಗೆ ಇಪ್ಪತ್ತು ಮೈಲು ಓಡಿದರೆ ಮೂರೂವರೆ ತಾಸಿಗೆ ಎಷ್ಟು ಓಡುತ್ತದೆ ಎಂಬ ಲೆಕ್ಕ. ಕೆಳಗೆ ಉತ್ತರ, ಅರವತ್ತೈದು. ಮೇಲೆ ದುಂಡನೆಯ ಅಕ್ಷರದಲ್ಲಿ ಹುಡುಗನ ಹೆಸರು, ಐದನೇ ಇಯತ್ತೆ. ಹೆಸರು ನಮ್ಮ ಮಾಸ್ತರನದು.

ಮುಟ್ಟಬೇಡ ಎಂದ ಮೇಲೆ ಮುಟ್ಟದ ಹುಡುಗ! ಸಾಹೇಬ ಕೊಟ್ಟುಹೋದ ಹೊಸದರಲ್ಲೇ, ಹನ್ನೊಂದು ವರ್ಷದ ಆ ಹುಡುಗ ಹೇಗೋ ಕೀಲಿ ಸಂಪಾದಿಸಿ, ಇಂಜಿನ್ನು ಬಿಚ್ಚಿ ನೋಡಿ, ಕೂಡಿಸಲು ಹೆಣಗಿ, ಒಳಗೊಳಗೇ ಹೆದರಿ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದ. ಕಾಕಾ ನಾಳೆ ಇದನ್ನು ಬಿಚ್ಚಿ ತೋರಿಸಿದರೆ ಗೆದ್ದ. ಆದರೆ ಸುಳ್ಳು ಎಂಬುದೇ ಇಲ್ಲ ಎಂದು ಮೀಸೆ ತಿರುವುವ ಆ ಅಪ್ಪನ ಮುಂದೆ, ಕನ್ಯೆ ನೋಡಲು ಬಂದ ಮನೆಯಲ್ಲಿ, ಹತ್ತು ಜನರ ಎದುರಿಗೆ ಮಗ ಸುಳ್ಳನಾಗುತ್ತಾನೆ. ಆಮೇಲೆ ಆ ಮನೆಯವರು ನಮ್ಮ ಕಡೆ ಕಣ್ಣೆತ್ತಿ ನೋಡುತ್ತಾರೆಯೇ? ಅವನಾದರೂ ನನ್ನ ಮುಖ ನೋಡುತ್ತಾನೆಯೇ?

"ಕಾಕಾ, ನಾಳೆ ಏನ್ ಹೇಳ್ತಿ?" ಎಂದು ಕೇಳಿದೆ.

ಅವನು ಕಾಗದ ಇಸಿದುಕೊಂಡು, ಬಾಗಿಲು ಹಾಕಿಕೊಂಡು ಒಳಗೆ ಕುಳಿತ. ಇಂಜಿನ್ನಿನ ವಿಷಯದಲ್ಲಿ ಬಾಯಿಗೆ ಬಂದ ಸತ್ಯವನ್ನು ಅವನು ಎಂದಾದರೂ ನುಂಗಿದ್ದುಂಟೇ? ಅಡಿಕೆ ನುಂಗಿದ್ದ, ಸತ್ಯ ನುಂಗಿರಲಿಲ್ಲ! ಅವ್ವನಿಗೆ ಹೇಳಿದರೆ ಆಕೆ ಅತ್ತು ಓಣಿಗೆಲ್ಲ ಹೇಳುತ್ತಾಳೆ ಎಂದು ಅದನ್ನು ಎದೆಯಲ್ಲಿ ಇಟ್ಟುಕೊಂಡು ನಾನೊಬ್ಬಳೇ ಬೆಂದೆ.

ಗುರುವಾರ ಬಂದೇ ಬಂತು. ಯಜಮಾನರು, ಅವರ ಹೆಂಡತಿ, ನಾಲ್ಕು ಮಂದಿ ಹಿರಿಯರು, ಹಿಂದೆ ಮಾಸ್ತರ. ನಾನು ಅವಲಕ್ಕಿಯ ತಾಟು ಹಿಡಿದು ಬಂದು ನಿಂತೆ. ನನ್ನನ್ನು ಯಾರೂ ನೋಡಲಿಲ್ಲ! ಕನ್ಯೆ ನೋಡಲು ಬಂದವರೆಲ್ಲರ ಕಣ್ಣು ಕಾಕಾನ ಮುಂದಿದ್ದ ಪಂಜೆಯ ಗಂಟಿನ ಮೇಲೆ. ಆ ಗಂಟಿನ ಪಕ್ಕದಲ್ಲಿ ಚಿಮಟ ಇತ್ತು. ಅದನ್ನು ನೋಡಿ ನಾನು ತಾಟು ಇಡುವುದನ್ನೇ ಮರೆತೆ. ಮಾಸ್ತರನೂ ಆ ಚಿಮಟವನ್ನು ನೋಡಿದ. ಅವನ ಮುಖದ ರಕ್ತ ಇಳಿದದ್ದು ನನಗೆ ಕಂಡಿತು.

"ಆತೇನ್ರಿ? ಏನು ತಿಳೀತು?" ಎಂದರು ಯಜಮಾನರು.

ಕಾಕಾ ಗಂಟು ಬಿಚ್ಚಿದ. ಹಸಿರು ಇಂಜಿ‌ನ್ನು ಹೊರಬಂತು. ನಾನು ಹೆದರಿ ಹೆದರಿ ನೋಡಿದೆ. ಕಿಟಕಿಯ ಹಿಂದೆ ಯಾರೂ ಇಲ್ಲ, ತಗಡಿನ ಡ್ರೈವರ್ ಆ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಾನೆ. ಒಂದು ಎಳೆ ತಪ್ಪಿದರೆ ಮೊಳ ಬಿಚ್ಚಿ ಮತ್ತೆ ನೇಯುವ ನಮ್ಮ ಕಾಕಾ, ಸರಿ ಯಾವುದು ಎಂದು ತಿಳಿದ ಮೇಲೂ, ಅದನ್ನು ತನ್ನ ಕೈಯಾರೆ ತಪ್ಪಾಗಿ ಜೋಡಿಸಿಟ್ಟಿದ್ದ.

ಅವನು ಮೊದಲು ಮಾಸ್ತರನ ಕಡೆ ನೋಡಿದ. ಆಮೇಲೆ ನನ್ನ ಕಡೆ ನೋಡಿದ. ಮನುಷ್ಯರ ಗುರುತೇ ಹತ್ತದ ಆ ಕಣ್ಣು ನನ್ನ ಮೇಲೆ ಅಷ್ಟು ಹೊತ್ತು ನಿಂತದ್ದು ಅದೇ ಮೊದಲು. ಆಮೇಲೆ ಯಜಮಾನರಿಗೆ ಎರಡೂ ಕೈ ಮುಗಿದ.

"ಇಂಜಿನ್ ಅನ್ನೂದು ಖರೆ ಐತ್ರಿ. ನಾ ಡಬ್ಬಿ ಅಂದದ್ದು ತಪ್ಪು. ಉಳದದ್ದು ನನಗ ತಿಳೀಲಿಲ್ರಿ."

ಅಡುಗೆಮನೆಯ ಬಾಗಿಲಲ್ಲಿ ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಯಜಮಾನರು ಎದ್ದು ಬಂದು ಕಾಕಾನ ಹೆಗಲ ಮೇಲೆ ಕೈ ಇಟ್ಟರು. ಇಂಥ ಮನೆಯೇ ತಮಗೆ ಬೇಕಾಗಿತ್ತು ಎಂದರು. ಅಲ್ಲೇ ಎಲೆ ಅಡಿಕೆ ಬದಲಾದವು, ಅವಲಕ್ಕಿ ಖಾಲಿಯಾಯಿತು, ಹಿರಿಯರು ತಿಥಿಯ ಮಾತಿಗೆ ಹತ್ತಿದರು. ಯಜಮಾನರು ಇಂಜಿನ್ನನ್ನು ಎತ್ತಿಕೊಂಡು, ಎದುರಿದ್ದವರಿಗೆಲ್ಲ ಅದರ ಹಿಂಭಾಗವನ್ನು ಮುಖವೆಂದು ತೋರಿಸಿದರು. ಕಾಕಾ ಹಲ್ಲು ಕಚ್ಚಿ ಹೌದು ಹೌದು ಎಂದ.

ಎಲ್ಲರೂ ಅಂಗಳಕ್ಕೆ ಇಳಿದ ಮೇಲೆ ಮಾಸ್ತರ ಚಪ್ಪಲಿ ಮೆಟ್ಟುವ ನೆಪದಲ್ಲಿ ಹಿಂದೆ ಉಳಿದ. ಕಾಕಾ ಅಂಗಿಯ ಕಿಸೆಯಿಂದ ಆ ಮಡಚಿದ ಹಾಳೆ ತೆಗೆದು ಅವನ ಕೈಗಿಟ್ಟ. "ಮಾಸ್ತರ, ಇದು ನಿಮ್ದು. ಮೂರೂವರೆ ತಾಸಿಗೆ ಎಪ್ಪತ್ತು ಮೈಲು ಆಗತೈತ್ರಿ. ನೀವು ಅರವತ್ತೈದು ಬರದಿದ್ರಿ, ನಾ ತಿದ್ದೇನಿ." ಮಾಸ್ತರ ಆ ಹಾಳೆಯನ್ನು ನೋಡಿದ. ಬಗ್ಗಿ ಕಾಕಾನ ಕಾಲು ಮುಟ್ಟಿದ. ಏಳುವಾಗ ಅವನ ಕಣ್ಣುಗಳು ತುಂಬಿದ್ದವು. ಅಂಗಳದಿಂದ ಅವರಪ್ಪ ಕರೆದರು, ಅವನು ಹೋದ.

ಕಾಕಾ ಏನೂ ಆಗದವನಂತೆ ಮಗ್ಗಕ್ಕೆ ಹೋಗಿ ಕುಣಿಯಲ್ಲಿ ಕಾಲು ಬಿಟ್ಟು ಕುಳಿತ. ನಾನು ಹತ್ತಿರ ಹೋಗಿ ನಿಂತೆ. ಎಲ್ಲ ತಿಳಿದಿದ್ದೂ ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

ಅವನು ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ. "ಖರೆ ಹೇಳಿದ್ರ ಇಂಜಿನ್ ನೆಟ್ಟಗ ಆಗತಿತ್ತವಾ," ಎಂದ. "ನೀ ಎಲ್ಲಿ ಹೋಗತಿದ್ದಿ?"

ಎಂಟು ದಿನ ತಡೆದಿಟ್ಟದ್ದೆಲ್ಲ ಒಮ್ಮೆಲೇ ಬಂತು. ಅಪ್ಪ ಇದ್ದಿದ್ದರೆ ಇದಕ್ಕಿಂತ ಹೆಚ್ಚು ಏನು ಮಾಡುತ್ತಿದ್ದ? ಊರೆಲ್ಲ ಹುಚ್ಚನೆಂದು ನಕ್ಕ, ನಾನೂ ನಕ್ಕ ಆ ಮನುಷ್ಯನ ಮುಂದೆ, ಮಗ್ಗದ ಮೇಲೆ ಬಾಗಿ ಗಳಗಳ ಅತ್ತೆ. ಕಾಕಾ ಗಾಬರಿಯಾದ. ಏನು ಮಾಡಬೇಕೋ ತಿಳಿಯದೆ ನನ್ನ ತಲೆಯ ಮೇಲೆ ಕೈ ಇಟ್ಟ, ತೆಗೆದ, ಮತ್ತೆ ಇಟ್ಟ.

"ಅಳಬ್ಯಾಡವಾ," ಎಂದ. "ನೂಲು ತೋಯತೈತಿ."